ನಡಿಗೆ ನಿಧಾನವಾದರೆ ಗದರಬೇಡಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

74 ವರ್ಷದ ತಂದೆಯನ್ನು ಮಗಳು ಕರೆತಂದಿದ್ದರು. "ಅಪ್ಪ ಬೇಕಂತಲೇ ಹೀಗೆ ಮಾಡ್ತಾರೇನೋ ಅನ್ಸುತ್ತೆ ಮೇಡಂ. ಕರೆದರೆ ಏಳಲ್ಲ, ಕೇಳಿದ್ದಕ್ಕೆ ಉತ್ತರ ಕೊಡೋಕೆ ಎಷ್ಟೋ ಹೊತ್ತು. ನೆನಪೆಲ್ಲ ಚೆನ್ನಾಗೇ ಇದೆ." ತಂದೆ ತಲೆ ತಗ್ಗಿಸಿ ಕೂತಿದ್ದರು. ಒಳಗೆ ಬರುವಾಗಲೇ ಒಂದು ವಿಷಯ ನನ್ನ ಕಣ್ಣಿಗೆ ಬಿದ್ದಿತ್ತು: ಮಗಳು ಏನಾದರೂ ಕೇಳಿದರೆ ಅವರು ನಿಂತು ಉತ್ತರಿಸಿ, ಆಮೇಲೆ ಹೆಜ್ಜೆ ಇಡುತ್ತಿದ್ದರು.

ಇದನ್ನು ಹಗುರವಾಗಿ ನೋಡುವಂತಿಲ್ಲ. ಮಾತಾಡಿಸಿದಾಗ ನಡೆಯುವುದನ್ನು ನಿಲ್ಲಿಸುವ ಹಿರಿಯರು ಮುಂದೆ ಬೀಳುವ ಸಂಭವ ಹೆಚ್ಚೆಂದು ಸ್ವೀಡನ್ನಿನ ಸಂಶೋಧಕರು 1997ರಲ್ಲೇ ತೋರಿಸಿದ್ದಾರೆ. ನಡಿಗೆಗೂ ಮಿದುಳಿನ ಗಮನ ಬೇಕು. ವರ್ಷಗಟ್ಟಲೆ ಹತೋಟಿಯಲ್ಲಿಲ್ಲದ ಬಿಪಿ, ಸಕ್ಕರೆ ಕಾಯಿಲೆಗಳಿಂದ ಮಿದುಳಿನ ಸಣ್ಣ ರಕ್ತನಾಳಗಳು ಕೆಟ್ಟರೆ, ಅದರ ಭಾಗಗಳನ್ನು ಜೋಡಿಸುವ ನರತಂತುಗಳಿಗೆ ಪೆಟ್ಟಾಗುತ್ತದೆ. ಯೋಚನೆ, ನಡಿಗೆ ಎರಡೂ ನಿಧಾನವಾಗುತ್ತವೆ. ಹಳೆಯ ನೆನಪುಗಳು ಉಳಿದಿರುವುದರಿಂದ ಮನೆಯವರು ಇದನ್ನು ಹಟ, ಸೋಮಾರಿತನ ಎಂದುಕೊಳ್ಳುತ್ತಾರೆ. ಆ ವೃದ್ಧರು ಉಣ್ಣುವ ಬೈಗುಳ ನೆನೆದರೆ ಸಂಕಟವಾಗುತ್ತದೆ.

ಮೊದಲು ನರರೋಗ ತಜ್ಞರ ಬಳಿ ಕಳಿಸಿದೆ. ವಯಸ್ಸಾಯಿತೆಂದು ಕೈಬಿಡಬಾರದು; ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ನಿದ್ರೆಮಾತ್ರೆ, ಬಿದ್ದ ಪೆಟ್ಟಿನಿಂದ ತಲೆಯೊಳಗೆ ನಿಂತ ರಕ್ತ, ಇವೂ ಹೀಗೇ ತೋರಬಹುದು. ನಡಿಗೆ, ಯೋಚನೆಯ ಜೊತೆ ಮೂತ್ರದ ಹಿಡಿತವೂ ತಪ್ಪುತ್ತಿದ್ದರೆ ಮಿದುಳಿನಲ್ಲಿ ನೀರು ತುಂಬಿರಬಹುದು. ಅದಕ್ಕೆ ಶಸ್ತ್ರಚಿಕಿತ್ಸೆ ಇದೆ. ಇವರ ಎಂಆರ್‌ಐನಲ್ಲಿ ಕಂಡದ್ದು ರಕ್ತನಾಳಗಳ ಹಾನಿ. ಬಿಪಿ ಮಾತ್ರೆ ಸರಿಪಡಿಸಿದ ವೈದ್ಯರು ನಿದ್ರೆಮಾತ್ರೆಯನ್ನು ಹಂತಹಂತವಾಗಿ ನಿಲ್ಲಿಸಿದರು.

ತಂದೆಯೊಬ್ಬರೇ ಇದ್ದಾಗ ಕೇಳಿದೆ. "ಬೀಳ್ತೀನಿ ಅಂತ ಹೆದರಿಕೆಯಮ್ಮ, ಅದಕ್ಕೇ ಏಳಲ್ಲ," ಎಂದರು. ಮಗಳಿಗೆ ಇದನ್ನು ಈವರೆಗೆ ಹೇಳಿರಲಿಲ್ಲ. ಅವರ ಒಪ್ಪಿಗೆ ಪಡೆದು ನಾನೇ ತಿಳಿಸಿದೆ. ಮಗಳು ಅತ್ತರು.

ಆಕೆಗೆ ಹೇಳಿದ್ದು: ನಡೆಯುವಾಗ ಮಾತಾಡಿಸಬೇಡಿ. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಕಾಯಿರಿ. ಅವರ ಮಾತನ್ನು ನೀವು ಮುಗಿಸಬೇಡಿ. ರಾತ್ರಿ ಬಚ್ಚಲಿನ ದಾರಿಯಲ್ಲಿ ದೀಪವಿರಲಿ. ಫಿಸಿಯೋಥೆರಪಿಸ್ಟ್ ಕಲಿಸಿದ ಸಮತೋಲನದ ವ್ಯಾಯಾಮವನ್ನು ದಿನವೂ ಜೊತೆಗಿದ್ದು ಮಾಡಿಸಿ.

"ಮೊದಲಿನ ಹಾಗೆ ಆಗ್ತಾರಾ?" ಎಂದರು. ಆಗಿರುವ ಹಾನಿ ಹೋಗುವುದಿಲ್ಲ, ಬಿಪಿ ಹತೋಟಿ ಮತ್ತು ಚಲನೆಯಿಂದ ಮುಂದಿನದನ್ನು ತಡವಾಗಿಸಲು ಪ್ರಯತ್ನಿಸಬಹುದು ಎಂದು ನೇರವಾಗಿ ಹೇಳಿದೆ. ಮುಂದಿನ ಭೇಟಿಗೆ ಅಣ್ಣನನ್ನೂ ಕರೆತರಲಿದ್ದಾರೆ. ಆರೈಕೆಯ ಹಂಚಿಕೆ, ಹಣಕಾಸಿನ ತೀರ್ಮಾನಗಳನ್ನು ತಂದೆಯ ಎದುರೇ, ಅವರು ತಮ್ಮ ಇಚ್ಛೆ ಹೇಳಬಲ್ಲ ಈಗಲೇ ಮಾತಾಡಬೇಕಿದೆ.