ಕಡಲಿಗೆ ಮರದ ಲೂರ್: ತೂಕ, ತಂತಿ, ಕೊಕ್ಕೆ

ಕಡಲ ದೊಡ್ಡ ಮೀನುಗಳಿಗೆಂದು ಕೈಯಾರೆ ಮರದ ಲೂರ್ (ಗಾಳಕ್ಕೆ ಕಟ್ಟುವ ಕೃತಕ ಮೀನು) ಮಾಡುವವರ ಪ್ರಶ್ನೆಗಳನ್ನು ಈ ಸಲ ಆರಿಸಿಕೊಂಡಿದ್ದೇವೆ. ಹೆಚ್ಚಿನವು ತೂಕ ಮತ್ತು ಒಳತಂತಿಯ (ಮರದೊಳಗೆ ಮೂಗಿನಿಂದ ಬಾಲದವರೆಗೆ ಹಾಯುವ ತಂತಿ) ಬಗ್ಗೆ ಇದ್ದುದರಿಂದ ಆ ಎರಡಕ್ಕೆ ಉತ್ತರ ಉದ್ದವಾಗಿದೆ.

ಪ್ರಶ್ನೆ: ಮೊದಲ ಲೂರ್‌ಗೆ ಯಾವ ಮರ ಒಳ್ಳೆಯದು? ಬಾಲ್ಸಾ ಹಗುರ ಎಂದು ಕೆಲವರು, ತೇಗ ಗಟ್ಟಿ ಎಂದು ಕೆಲವರು ಹೇಳುತ್ತಾರೆ.

ಉತ್ತರ: ಲೂರ್ ತೇಲಬೇಕೋ ಮುಳುಗಬೇಕೋ ಎಂಬುದನ್ನು ಮೊದಲು ಗಟ್ಟಿಮಾಡಿಕೊಳ್ಳಿ. ತೇಲುವ ಪಾಪರ್ (ಮುಖದಲ್ಲಿ ಬಟ್ಟಲಿನಂಥ ಕುಳಿಯಿದ್ದು ಸದ್ದು ಮಾಡುವ ಲೂರ್) ಅಥವಾ ಸ್ಟಿಕ್‌ಬೈಟ್‌ಗೆ (ಕುಳಿಯಿಲ್ಲದ ಉದ್ದನೆಯ ಲೂರ್) ಪ್ರತಿ ಮಿಲಿಲೀಟರಿಗೆ 0.3ರಿಂದ 0.45 ಗ್ರಾಂ ತೂಗುವ ಮರ ಹೊಂದುತ್ತದೆ. ಪಾಲೋನಿಯಾ ಸುಮಾರು 0.3, ವೆಸ್ಟರ್ನ್ ರೆಡ್ ಸೀಡರ್ ಸುಮಾರು 0.37. ತೇಗ 0.65ರ ಹತ್ತಿರ ಇರುವುದರಿಂದ ಮುಳುಗುವ ಲೂರ್‌ಗೆ ಸರಿ. ತೇಗದಲ್ಲಿ ತೇಲುವ ಲೂರ್ ಮಾಡಿದರೆ ಕೊಕ್ಕೆ, ರಿಂಗ್ ಹಾಕುವಷ್ಟರಲ್ಲೇ ತೇಲುವ ಶಕ್ತಿ ಬಹುಪಾಲು ಮುಗಿದಿರುತ್ತದೆ; ತಳಕ್ಕೆ ಸೀಸ ಇಡಲು ಜಾಗವೇ ಉಳಿಯುವುದಿಲ್ಲ. ಹಗುರ ಮರದ ನಿಜವಾದ ಲಾಭ ಇಲ್ಲಿದೆ. ಮರ ಹಗುರವಾದಷ್ಟೂ ಹೊಟ್ಟೆಯ ತಳದಲ್ಲಿ ಹೆಚ್ಚು ಸೀಸ ಕೂರಿಸಬಹುದು, ಲೂರ್ ಮಗುಚಿಕೊಳ್ಳದೆ ನೆಟ್ಟಗೆ ಈಜುತ್ತದೆ. ಬಾಲ್ಸಾ ತೀರಾ ಮೆದು. ಹಲ್ಲಿನ ಗುರುತು ಆಳಕ್ಕೆ ಇಳಿಯುತ್ತದೆ, ದಪ್ಪ ಎಪಾಕ್ಸಿ (ಎರಡು ಭಾಗ ಕಲಸಿ ಹಚ್ಚುವ, ಗಟ್ಟಿಯಾಗುವ ಅಂಟು) ಪದರವಿಲ್ಲದೆ ದೊಡ್ಡ ಮೀನಿಗೆ ಅದು ಬಾಳುವುದಿಲ್ಲ.

ಹೆಸರನ್ನು ನಂಬುವುದಕ್ಕಿಂತ ನಿಮ್ಮ ಕೈಯಲ್ಲಿರುವ ತುಂಡನ್ನೇ ತೂಗಿ. 10×4×4 ಸೆಂ.ಮೀ. ತುಂಡಿನ ಗಾತ್ರ 160 ಮಿ.ಲೀ.; ಅದು 60 ಗ್ರಾಂ ತೂಗಿದರೆ ಮರ 0.375ರದ್ದು. ಒಂದು ವಾರ ದಿನಕ್ಕೊಮ್ಮೆ ತೂಗಿ ನೋಡಿ. ತೂಕ ಇನ್ನೂ ಇಳಿಯುತ್ತಿದ್ದರೆ ಮರ ಒಣಗಿಲ್ಲ. ಎಳೆ ಉದ್ದುದ್ದಕ್ಕೆ ನೇರವಾಗಿರಲಿ, ಗಂಟು ಇರಬಾರದು. ಒಂದು ಮಗ್ಗುಲಲ್ಲಿ ಚೇಗು, ಇನ್ನೊಂದು ಮಗ್ಗುಲಲ್ಲಿ ಬಿಳಿಮರ ಬಂದ ತುಂಡನ್ನು ಪಕ್ಕಕ್ಕಿಡಿ. ಎಷ್ಟೇ ಸಮನಾಗಿ ಕೆತ್ತಿದರೂ ಆ ಲೂರ್ ನೀರಿನಲ್ಲಿ ಒಂದು ಕಡೆಗೆ ವಾಲುತ್ತದೆ. ತೇಗದಲ್ಲಿ ಎಣ್ಣೆಯ ಅಂಶ ಇರುವುದರಿಂದ ಅಂಟು ಹಚ್ಚುವ ಮುಂಚೆ ಅಸಿಟೋನ್‌ನಿಂದ ಒರೆಸಿ.

ಪ್ರಶ್ನೆ: ಮನೆಯ ತೊಟ್ಟಿಯಲ್ಲಿ ಸರಿಯಾಗಿ ಕೂತ ಸ್ಟಿಕ್‌ಬೈಟ್ ಕಡಲಿನಲ್ಲಿ ಮೇಲೆದ್ದು ತೇಲುತ್ತದೆ, ಎಳೆದರೆ ಒಳಗೆ ಹೋಗದೆ ಮೇಲ್ಮೈ ಮೇಲೆ ಜಾರುತ್ತದೆ. ಯಾಕೆ?

ಉತ್ತರ: ನೀರು ಬೇರೆ, ಅದಕ್ಕೆ. ಸಿಹಿನೀರು ಮಿಲಿಲೀಟರಿಗೆ 1 ಗ್ರಾಂ ತೂಗಿದರೆ ಕಡಲ ನೀರು ಸುಮಾರು 1.025 ಗ್ರಾಂ ತೂಗುತ್ತದೆ. ನಿಮ್ಮ ಲೂರ್‌ನ ಗಾತ್ರ 100 ಮಿ.ಲೀ. ಎಂದುಕೊಳ್ಳಿ. ತೊಟ್ಟಿಯಲ್ಲಿ ಬರೀ ಬೆನ್ನು ಕಾಣುವಷ್ಟು ಮುಳುಗಿದ್ದ ಅದನ್ನು ಕಡಲು ಇನ್ನೂ ಎರಡೂವರೆ ಗ್ರಾಂನಷ್ಟು ಮೇಲಕ್ಕೆ ತಳ್ಳುತ್ತದೆ. ಬೆನ್ನು ಮಾತ್ರ ಹೊರಗಿರಬೇಕಾದ ಸ್ಟಿಕ್‌ಬೈಟ್‌ನ ಆಟ ಕೆಡಲು ಅಷ್ಟು ಸಾಕು. ಪರಿಹಾರ ಸುಲಭ: ಲೀಟರಿಗೆ 35 ಗ್ರಾಂ ಉಪ್ಪು, ಅಂದರೆ 10 ಲೀಟರ್ ಬಕೆಟ್ಟಿಗೆ 350 ಗ್ರಾಂ ಕರಗಿಸಿ ಅದರಲ್ಲೇ ಪರೀಕ್ಷಿಸಿ.

ಪರೀಕ್ಷೆಗೆ ಇಳಿಸುವಾಗ ಲೂರ್ ಮೇಲೆ ಒಳತಂತಿ, ಸ್ವಿವೆಲ್ (ಎರಡು ಕಣ್ಣಿನ ತಿರುಗುವ ಕೊಂಡಿ), ಸ್ಪ್ಲಿಟ್ ರಿಂಗ್ (ಬೀಗದ ಕೈ ಗೊಂಚಲಿನಂಥ ಸೀಳು ಉಂಗುರ), ಕೊಕ್ಕೆ ಎಲ್ಲವೂ ಇರಲೇಬೇಕು. ಬರೀ ಮರವನ್ನು ತೇಲಿಸಿ ಸೀಸದ ಲೆಕ್ಕ ಹಾಕುವುದೇ ಹೆಚ್ಚಿನ ಲೂರ್‌ಗಳು ಹಾಳಾಗುವ ಕಾರಣ. ನೀರು ಹೀರದಂತೆ ಒಂದು ಕೈ ಸೀಲರ್ ಮೊದಲೇ ಹಚ್ಚಿರಿ. ಬಣ್ಣ ಮತ್ತು ಮೇಲಿನ ಎಪಾಕ್ಸಿಯೂ ತೂಕ ಸೇರಿಸುತ್ತವೆ. ಒಂದು ಲೂರ್ ಅನ್ನು ಬಣ್ಣಕ್ಕೆ ಮುಂಚೆ, ಆಮೇಲೆ ತೂಗಿ ಆ ವ್ಯತ್ಯಾಸ ಬರೆದಿಟ್ಟುಕೊಂಡರೆ ಮುಂದಿನದಕ್ಕೆ ಅಂದಾಜು ಸಿಗುತ್ತದೆ.

ಸೀಸವನ್ನು ಮೊದಲು ರಬ್ಬರ್ ಬ್ಯಾಂಡಿನಿಂದ ಹೊಟ್ಟೆಗೆ ಕಟ್ಟಿ, ಹಿಂದೆ ಮುಂದೆ ಸರಿಸಿ ಜಾಗ ಹುಡುಕಿ. ಒಂದು ಸಣ್ಣ ತಿದ್ದುಪಡಿ ಮರೆಯಬೇಡಿ. ಹೊರಗೆ ಕಟ್ಟಿದ ಸೀಸ ತಾನೂ ನೀರನ್ನು ಪಕ್ಕಕ್ಕೆ ಸರಿಸುತ್ತದೆ, ಒಳಗೆ ಕೂರಿಸಿದಾಗ ಮರದ ಜಾಗವನ್ನಷ್ಟೇ ತುಂಬುತ್ತದೆ. 10 ಗ್ರಾಂ ಸೀಸ ಒಳಗೆ ಹೋದಾಗ ಹೊರಗಿದ್ದಾಗಿನದಕ್ಕಿಂತ ಅರ್ಧ ಗ್ರಾಂಗೂ ತುಸು ಹೆಚ್ಚೇ ಕೆಳಕ್ಕೆ ಎಳೆಯುತ್ತದೆ. 10 ಮಿ.ಮೀ. ಅಗಲದ ತೂತಿನಲ್ಲಿ 10 ಮಿ.ಮೀ. ಉದ್ದದ ಸೀಸ ಸುಮಾರು 8.9 ಗ್ರಾಂ, 8 ಮಿ.ಮೀ. ತೂತಿನಲ್ಲಿ ಅದೇ ಉದ್ದಕ್ಕೆ 5.7 ಗ್ರಾಂ.

ಪಾಪರ್‌ಗೆ ಸೀಸದ ಬಹುಪಾಲು ಬಾಲದ ಕಡೆ ಇರಲಿ, ಬಾಲ ಇಳಿಬಿಟ್ಟು ಓರೆಯಾಗಿ ನಿಲ್ಲಬೇಕು. ತೇಲುವ ಸ್ಟಿಕ್‌ಬೈಟ್‌ಗೆ ನಡುವಿನಿಂದ ತುಸು ಹಿಂದೆ. ಮುಳುಗುವುದಕ್ಕೆ ಸಮತೋಲದ ಬಿಂದುವಿನ ಎರಡೂ ಬದಿ ಹಂಚಿದರೆ ಮಲಗಿದಂತೆಯೇ ಅಲುಗಾಡುತ್ತ ಇಳಿಯುತ್ತದೆ. ಎಷ್ಟೋ ಮೀನು ಕಚ್ಚುವುದು ಆ ಇಳಿತದಲ್ಲೇ. ಎಲ್ಲದರಲ್ಲೂ ಸೀಸ ಹೊಟ್ಟೆಯ ಚರ್ಮಕ್ಕೆ ಹತ್ತಿರವಿರಬೇಕು, ನಡುಮಟ್ಟ ದಾಟಿ ಮೇಲೇರಬಾರದು.

ಕಾಯಿಸಿದ ಸೀಸವನ್ನು ಮರದೊಳಗೆ ನೇರ ಸುರಿಯಬೇಡಿ. ಮರದ ತೇವ ಉಗಿಯಾಗಿ ಸೀಸವನ್ನು ಮುಖಕ್ಕೇ ಎರಚುತ್ತದೆ. ಎರಚದಿದ್ದರೂ ತೂತಿನ ಗೋಡೆ ಸುಟ್ಟು ಸೀಸ ಸಡಿಲವಾಗುತ್ತದೆ. ತಯಾರಾದ ಸೀಸದ ಗುಂಡನ್ನು ಕತ್ತರಿಸಿ ಎಪಾಕ್ಸಿಯಿಂದ ಕೂರಿಸಿ. ಸೀಸವನ್ನು ಒಣದಾಗಿ ಉಜ್ಜಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ.

ಪ್ರಶ್ನೆ: ಸ್ಕ್ರೂ ಕಣ್ಣು (ಮರಕ್ಕೆ ತಿರುಪಿ ಕೂರಿಸುವ, ತಲೆಯಲ್ಲಿ ಉಂಗುರವಿರುವ ಸ್ಕ್ರೂ) ಸಾಲದೇ? ಉದ್ದಕ್ಕೂ ತಂತಿ ಹಾಕಲೇಬೇಕೇ? ಹಾಕುವುದಾದರೆ ಹೊಟ್ಟೆಯ ಕೊಕ್ಕೆಯನ್ನು ತಂತಿಗೆ ಹೇಗೆ ಸೇರಿಸುವುದು?

ಉತ್ತರ: ಚಿಕ್ಕ ಮೀನಿಗೆ ಸ್ಕ್ರೂ ಕಣ್ಣು ಸಾಕು. ಜೈಂಟ್ ಟ್ರೆವಲಿ, ಟ್ಯೂನಾದಂಥ ದೊಡ್ಡ ಮೀನುಗಳಿಗೆ ಸಾಲದು. ಸ್ಕ್ರೂ ಕಣ್ಣಿನ ಭಾರವೆಲ್ಲ ಮರದ ನಾರಿನ ಮೇಲೆ ಬೀಳುತ್ತದೆ, ನೀರು ಕುಡಿದ ನಾರು ಹಿಡಿತ ಬಿಡುತ್ತದೆ. ಒಳತಂತಿ ಇದ್ದರೆ ಮೀನು ಮರವನ್ನು ಸೀಳಿದರೂ ಕೊಕ್ಕೆಯಿಂದ ದಾರದವರೆಗೆ ಉಕ್ಕೇ ಇರುತ್ತದೆ.

ಮಧ್ಯಮ ಮೀನಿಗೆ 1.2 ಮಿ.ಮೀ., ದೊಡ್ಡದಕ್ಕೆ 1.6 ಮಿ.ಮೀ. ದಪ್ಪದ, 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ತಂತಿ ತೆಗೆದುಕೊಳ್ಳಿ. ಮರದ ತುಂಡು ಇನ್ನೂ ಚೌಕಾಕಾರವಾಗಿದ್ದಾಗಲೇ ಮೂಗಿನಿಂದ ಬಾಲದವರೆಗೆ ತಂತಿಯ ತೂತು ಕೊರೆಯಿರಿ. ಎರಡೂ ತುದಿಗಳಿಂದ ಕೊರೆದು ನಡುವೆ ಕೂಡಿಸಿದರೆ ಬೈರಿಗೆ ಕಡಿಮೆ ತಪ್ಪುತ್ತದೆ. ಕೆತ್ತಿದ ಮೇಲೆ ಕೊರೆಯಲು ಹೋದರೆ ತೂತು ಪಕ್ಕಕ್ಕೆ ಸರಿದು, ಎಳೆದಾಗ ಲೂರ್ ಒಂದೇ ಕಡೆಗೆ ಓಡುತ್ತದೆ. ಉದ್ದ ಬೈರಿಗೆ ಇಲ್ಲದವರು ಹೊಟ್ಟೆಯ ನಡುಗೆರೆಯಲ್ಲಿ ತಂತಿಯ ಮಟ್ಟದವರೆಗೆ ಗರಗಸದಿಂದ ಸೀಳು ಹಾಕಿ, ಕೊನೆಗೆ ಎಪಾಕ್ಸಿಗೆ ಮರದ ಪುಡಿ ಕಲಸಿ ತುಂಬಬಹುದು. ಆಮೇಲೆ ಹೊಟ್ಟೆಯಿಂದ ತಂತಿಯ ತೂತನ್ನು ಕೂಡುವಂತೆ, ಸ್ವಿವೆಲ್ ಸಲೀಸಾಗಿ ಹೋಗುವಷ್ಟು ಅಗಲದ ಇನ್ನೊಂದು ತೂತು. ಕೆತ್ತನೆ ಮುಗಿಸಿ, ಈ ತೂತುಗಳ ಒಳಗೋಡೆಗೆ ತೆಳು ಎಪಾಕ್ಸಿಯನ್ನು ಎರಡು ಸಲ ಬಳಿಯಿರಿ. ನೀರು ಒಳಹೋಗುವ ಮುಖ್ಯ ದಾರಿ ಇವೇ.

ಜೋಡಣೆಗೆ ಮೊದಲು ಬಾಲದ ಕಣ್ಣು ಮಾಡಿ. ದುಂಡುಮೂತಿಯ ಇಕ್ಕಳದಲ್ಲಿ ತಂತಿಯನ್ನು ಬಳಸಿ, ಬಿಗಿಯಾಗಿ 4 ಸುತ್ತು ಹಾಕಿ. ಸ್ವಿವೆಲನ್ನು ಹೊಟ್ಟೆಯ ತೂತಿಗೆ ಇಳಿಸಿ, ಅದರ ಮೇಲಿನ ಕಣ್ಣು ತಂತಿಯ ದಾರಿಗೆ ಸರಿಯಾಗಿ ಬರುವಂತೆ ಹಿಡಿದು, ಬಾಲದಿಂದ ತಂತಿ ತೂರಿಸಿ. ಕಣ್ಣಿನೊಳಗೆ ತೂರಿತೋ ಪಕ್ಕದಲ್ಲಿ ಹೋಯಿತೋ ಎಂದು ಸ್ವಿವೆಲನ್ನು ಎಳೆದು ನೋಡಿಯೇ ಮುಂದುವರಿಯಿರಿ. ಮೂಗಿನಲ್ಲಿ ಹೊರಬಂದ ತಂತಿಯನ್ನು ಬಿಗಿಯಾಗಿ ಎಳೆದು ಅಲ್ಲೂ ಕಣ್ಣು ಮಾಡಿ 4 ಸುತ್ತು. ಸ್ವಿವೆಲ್‌ನ ಕೆಳಗಿನ ಕಣ್ಣು ಪೂರ್ತಿ ಹೊರಗಿರಬೇಕು, ಇಲ್ಲವಾದರೆ ಸ್ಪ್ಲಿಟ್ ರಿಂಗ್ ಮರಕ್ಕೆ ತಾಗಿ ತಿರುಗುವುದಿಲ್ಲ.

ತಂತಿ ನಡುವೆ ತುಂಡಾಗುವುದು ಅಪರೂಪ, ಸೋಲುವುದು ಸುತ್ತು. ಎರಡೇ ಸುತ್ತು ಹಾಕಿದ ಕಣ್ಣು ಎಳೆತಕ್ಕೆ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಬಣ್ಣಕ್ಕೆ ಮುಂಚೆ ಮೂಗನ್ನು ಕೊಂಡಿಗೆ ಸಿಕ್ಕಿಸಿ, ಬಾಲ ಮತ್ತು ಹೊಟ್ಟೆ ಎರಡನ್ನೂ ಬೇರೆಬೇರೆಯಾಗಿ ಸ್ಪ್ರಿಂಗ್ ತಕ್ಕಡಿಯಲ್ಲಿ ನಿಮ್ಮ ರೀಲಿನ ಡ್ರ್ಯಾಗ್‌ನ (ದಾರ ಬಿಡುವ ಮುಂಚೆ ರೀಲು ತಡೆಯುವ ಎಳೆತ) ಎರಡರಷ್ಟು ಎಳೆದು ನೋಡಿ. ಹಿತ್ತಾಳೆಯ ಭಾಗಗಳನ್ನು ಸ್ಟೇನ್‌ಲೆಸ್ ಜೊತೆ ಬೆರೆಸಬೇಡಿ. ಉಪ್ಪುನೀರಿನಲ್ಲಿ ಎರಡು ಲೋಹ ಸೇರಿದರೆ ಹಿತ್ತಾಳೆಯೇ ಮೊದಲು ಸವೆಯುತ್ತದೆ.

ಪ್ರಶ್ನೆ: ನನ್ನ ಪಾಪರ್ ಎಳೆದಾಗ ಸದ್ದು ಮಾಡುವ ಬದಲು ಮೂಗು ತಗ್ಗಿಸಿ ಒಳಗೆ ಹೋಗುತ್ತದೆ, ಕೆಲವೊಮ್ಮೆ ಪಲ್ಟಿ ಹೊಡೆಯುತ್ತದೆ.

ಉತ್ತರ: ಮೂಗು ತಗ್ಗುತ್ತಿದ್ದರೆ ದಾರದ ಕಣ್ಣು ಮುಖದ ಬಟ್ಟಲಿನ ನಡುವಿಗಿಂತ ಮೇಲಿದೆ, ಇಲ್ಲವೇ ಸೀಸ ಮುಂದಿದೆ. ಕಣ್ಣು ಬಟ್ಟಲಿನ ನಡುವೆ ಅಥವಾ ಕೂದಲೆಳೆಯಷ್ಟು ಕೆಳಗಿರಲಿ. ಪಲ್ಟಿ ಹೊಡೆದರೆ ಬಟ್ಟಲಿನ ಅಂಚು ಎಡಬಲ ಸಮನಾಗಿಲ್ಲ. ರಟ್ಟಿನ ಅಚ್ಚು ಹಿಡಿದು ನೋಡಿ ಸ್ಯಾಂಡ್‌ಪೇಪರಿನಿಂದ ತಿದ್ದಿ. ಆಮೇಲೂ ನಿಲ್ಲದಿದ್ದರೆ ಹೊಟ್ಟೆಯ ತಳಕ್ಕೆ ಇನ್ನಷ್ಟು ಸೀಸ ಬೇಕು.

ಪ್ರಶ್ನೆ: ಎರಡು ಸಲ ಬಳಸುವಷ್ಟರಲ್ಲಿ ಬಣ್ಣ ಗುಳ್ಳೆ ಎದ್ದು ಸುಲಿಯುತ್ತದೆ. ಎಪಾಕ್ಸಿ ಹಚ್ಚುವಾಗಲೂ ಗುಳ್ಳೆ ಬರುತ್ತವೆ.

ಉತ್ತರ: ಇವು ಎರಡು ಬೇರೆ ತೊಂದರೆಗಳು. ಬಳಸಿದ ಮೇಲೆ ಏಳುವ ಗುಳ್ಳೆಗೆ ಕಾರಣ ಒಳಹೋದ ನೀರು. ಅದು ಮೂಗು, ಬಾಲದ ಕತ್ತರಿಸಿದ ಎಳೆಯಿಂದ, ಸ್ವಿವೆಲ್ ತೂತಿನಿಂದ, ಕೊಕ್ಕೆ ಗೀರಿದ ಗೆರೆಯಿಂದ ನುಗ್ಗುತ್ತದೆ. ಮರ ಉಬ್ಬಿ, ಬಿಸಿಲಿಗೆ ಒಳಗಿನ ಗಾಳಿ, ಆವಿ ಹಿಗ್ಗಿ ಬಣ್ಣವನ್ನು ಎತ್ತುತ್ತವೆ. ತೆಳುವಾಗಿ ಹರಿಯುವ ಎಪಾಕ್ಸಿಯನ್ನು ಬರಿಮರಕ್ಕೆ ಎರಡು ಸಲ ಕುಡಿಸಿ. ಮರವನ್ನು ತುಸು ಬೆಚ್ಚಗೆ ಮಾಡಿ, ಅದು ತಣಿಯುತ್ತಿರುವಾಗ ಹಚ್ಚುವುದು ಒಳ್ಳೆಯದು, ಕುಗ್ಗುವ ಗಾಳಿ ಎಪಾಕ್ಸಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮರ ಬಿಸಿಯೇರುತ್ತಿರುವಾಗ ಹಚ್ಚಿದರೆ ಇದೇ ಗಾಳಿ ಹೊರಗೆ ಬಂದು ಗುಳ್ಳೆಯಾಗುತ್ತದೆ. ನಿಮ್ಮ ಎರಡನೆಯ ತೊಂದರೆಗೆ ಮುಖ್ಯ ಕಾರಣ ಇದು. ಇನ್ನೊಂದು, ಎಪಾಕ್ಸಿಯನ್ನು ರಭಸದಿಂದ ಕಲಸುವುದು.

ಅಗಸೆ ಎಣ್ಣೆಗೆ ಟರ್ಪೆಂಟೈನ್ ಬೆರೆಸಿ ಮರವನ್ನು ನೆನೆಸುವ ಹಳೆಯ ಪದ್ಧತಿಯೂ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಎಣ್ಣೆ ಪೂರ್ತಿ ಒಣಗಲು ವಾರಗಳು ಬೇಕು, ಹಸಿಯಿದ್ದಾಗ ಎಪಾಕ್ಸಿ ಕಚ್ಚುವುದಿಲ್ಲ. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಕಾವೇರಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಅದ್ದಿಡಿ.

ಮೇಲ್ಪದರದ ಎಪಾಕ್ಸಿಯ ಎರಡು ಭಾಗಗಳನ್ನು ಡಬ್ಬಿಯ ಮೇಲಿನ ಪ್ರಮಾಣದಲ್ಲೇ ಅಳೆಯಿರಿ. ಬಟ್ಟಲಿನ ಗೋಡೆ, ತಳ ಕೆರೆದು ನಿಧಾನವಾಗಿ ಕಲಸಿ. ಅಲ್ಲಲ್ಲಿ ಅಂಟಂಟಾಗಿ ಉಳಿದರೆ ಕಲಸುವಿಕೆ ಸಾಲದು ಎಂದರ್ಥ. ಹಚ್ಚಿದ ಮೇಲೆ ನಿಮಿಷಕ್ಕೆ 6ರಿಂದ 10 ಸುತ್ತಿನಂತೆ ತಿರುಗಿಸುತ್ತಿದ್ದರೆ ಹೊಟ್ಟೆಯ ಕಡೆ ಇಳಿದು ಗಡ್ಡೆಗಟ್ಟುವುದಿಲ್ಲ.

ಪ್ರಶ್ನೆ: ಮೂರು ಮುಳ್ಳಿನ ಕೊಕ್ಕೆ ತೆಗೆದು ಒಂಟಿ ಕೊಕ್ಕೆ ಹಾಕಬಹುದೇ? ಲೀಡರ್ (ಮುಖ್ಯ ದಾರಕ್ಕೂ ಲೂರ್‌ಗೂ ನಡುವಿನ ದಪ್ಪ ದಾರ) ಕಟ್ಟುವ ಸರಿಯಾದ ಕ್ರಮ ಯಾವುದು?

ಉತ್ತರ: ಹಾಕಬಹುದು, ತೂಕ ನೋಡಿಕೊಂಡು. ಮೂರು ಮುಳ್ಳಿನ ಕೊಕ್ಕೆಯೂ ತಳದ ಸೀಸದ ಕೆಲಸ ಮಾಡುತ್ತಿರುತ್ತದೆ. ತೆಗೆದದ್ದನ್ನೂ ಹಾಕುವುದನ್ನೂ ರಿಂಗ್ ಸಮೇತ ತೂಗಿ. ಕಡಿಮೆಯಾದಷ್ಟನ್ನು ದಪ್ಪ ರಿಂಗ್‌ನಿಂದ ತುಂಬಬಹುದು. ಒಂಟಿ ಕೊಕ್ಕೆಯ ಕಣ್ಣು ನೇರ (ಇನ್‌ಲೈನ್) ಬಗೆಯದ್ದಿರಲಿ. ಹೊಟ್ಟೆಯದರ ಮೊನೆ ಮುಂದಕ್ಕೆ, ಬಾಲದ್ದು ಮೇಲಕ್ಕೆ ಮುಖ ಮಾಡಲಿ. ಎರಡು ಕೊಕ್ಕೆಗಳು ತೂಗಾಡಿದಾಗ ಒಂದಕ್ಕೊಂದು ಸಿಕ್ಕಬಾರದು, ಮುಂದಿನದು ಮೂಗಿನ ಕಣ್ಣನ್ನು ಮುಟ್ಟಬಾರದು.

ರೀಲಿನ ಬ್ರೇಡ್ (ಹೆಣೆದ) ದಾರಕ್ಕೆ ಲೀಡರನ್ನು ಎಫ್‌ಜಿ ಎಂಬ ಗಂಟಿನಿಂದ ಸೇರಿಸಿ. ಒಂದೂವರೆ ಮೀಟರ್ ಸಾಕು. ಲೀಡರ್‌ನ ಇನ್ನೊಂದು ತುದಿಯನ್ನು ಸ್ಪ್ಲಿಟ್ ರಿಂಗ್‌ಗೆ ನೇರ ಕಟ್ಟಬೇಡಿ, ರಿಂಗ್‌ನ ಸಂದಿಗೆ ದಾರ ಜಾರಿ ಕತ್ತರಿಸಿಹೋಗುತ್ತದೆ. ಬೆಸುಗೆಯ ಗಟ್ಟಿ ರಿಂಗ್ ಅಥವಾ ಸ್ವಿವೆಲ್‌ಗೆ ಕಟ್ಟಿ, ಅದನ್ನು ಸ್ಪ್ಲಿಟ್ ರಿಂಗ್ ಮೂಲಕ ಲೂರ್‌ನ ಮೂಗಿಗೆ ಸೇರಿಸಿ. ಅಂಜಲ್, ಬರಾಕುಡಾ ಇರುವ ಕಡೆ ಲೀಡರ್‌ಗೂ ಲೂರ್‌ಗೂ ನಡುವೆ 20ರಿಂದ 30 ಸೆಂ.ಮೀ. ಉಕ್ಕಿನ ತಂತಿ ಬೇಕಾಗುತ್ತದೆ. ಈ ತಂತಿಯ ಭಾರ ಮೂಗಿನ ಮೇಲೆ ಬೀಳುವುದರಿಂದ ಅದನ್ನು ಕಟ್ಟಿಕೊಂಡೇ ಉಪ್ಪುನೀರಿನ ಬಕೆಟ್ಟಿನಲ್ಲಿ ಇನ್ನೊಮ್ಮೆ ನೋಡಿ. ಮೂಗು ತಗ್ಗಿದರೆ ಬಾಲದ ಸ್ಪ್ಲಿಟ್ ರಿಂಗನ್ನು ಒಂದು ಅಳತೆ ದೊಡ್ಡದು ಮಾಡಿ.