ಒಂದೇ ಇ-ಬುಕ್, ಒಂದೊಂದು ಫೋನಲ್ಲಿ ಒಂದೊಂದು ಥರ ಯಾಕೆ?

ಪ್ರಶ್ನೆ: ಅಜ್ಜ ಬರೆದಿಟ್ಟಿದ್ದ ತೋಟದ ಮಳೆ ಲೆಕ್ಕ, ಪುತ್ತರಿ (ನಮ್ಮ ಕೊಡಗಿನ ಸುಗ್ಗಿ ಹಬ್ಬ) ಹಾಡು ಎಲ್ಲ ಸೇರಿಸಿ ಇಪಬ್ ಅನ್ನೋ ಇ-ಬುಕ್ ಫೈಲ್ ಮಾಡಿದ್ದೀನಿ. ನನ್ನ ಲ್ಯಾಪ್‌ಟಾಪಲ್ಲಿ ಸರಿ ಇದೆ, ತಂಗಿ ಫೋನಲ್ಲಿ ಹಾಡಿನ ಸಾಲೆಲ್ಲ ಮುರಿದಿದೆ, ಮಾವನ ಕಿಂಡಲ್ ಇ-ರೀಡರಲ್ಲಿ ಕನ್ನಡದ ಬದಲು ಏನೇನೋ ಇಂಗ್ಲಿಷ್ ಅಕ್ಷರ. ಏನ್ ಮಾಡ್ಲಿ?
– ಓದುಗರು, ನಾಪೋಕ್ಲು

ಉತ್ತರ: ಇಂಗ್ಲಿಷ್ ಅಕ್ಷರ ಬರ್ತಿದೆ ಅಂದ್ರೆ ನೀವು ನುಡಿ ಇಲ್ಲಾ ಬರಹ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಆಸ್ಕಿ ಫಾಂಟಲ್ಲಿ ಟೈಪ್ ಮಾಡಿರ್ತೀರಿ. ಅದ್ರಲ್ಲಿ ಫೈಲೊಳಗೆ ಇರೋದೇ ಇಂಗ್ಲಿಷ್ ಕೋಡ್, ಕನ್ನಡದ ವೇಷ ಹಾಕೋದು ಫಾಂಟ್, ಆ ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತೆ. ಪೂರ್ತಿ, ಕನ್ನಡ ಅಕ್ಷರಕ್ಕೆ ಅದರದೇ ಕೋಡ್ ಇರೋ ಯೂನಿಕೋಡ್‌ಗೆ ಕನ್ವರ್ಟ್ ಮಾಡಿ, ಆಮೇಲೆ ಅರ್ಕಾವತ್ತು, ಒತ್ತಕ್ಷರ ಇರೋ ಪದಗಳನ್ನ ಒಂದೊಂದಾಗಿ ಓದಿ ನೋಡಿ, ಕನ್ವರ್ಟರ್ ಎಡವೋದು ಅಲ್ಲೇ. ನೋಟೊ ಸೆರಿಫ್ ಕನ್ನಡ ಥರದ ಫ್ರೀ ಫಾಂಟನ್ನ ಇಪಬ್ ಒಳಗೇ ಸೇರಿಸಿ, ಕೆಲವು ಆಪ್ ಅದನ್ನ ಬಿಟ್ಟು ತಮ್ಮದೇ ಫಾಂಟ್ ಹಾಕ್ಕೊಳ್ತವೆ, ಯೂನಿಕೋಡ್ ಇದ್ರೆ ಆಗ್ಲೂ ಓದೋಕೆ ಬರುತ್ತೆ.

ಸಾಲು ಮುರಿಯೋ ವಿಷ್ಯ ಬೇರೆ. ಇಪಬ್ ಅಂದ್ರೆ ವೆಬ್‌ಪೇಜ್ ಥರದ ಫೈಲುಗಳನ್ನ ಜಿಪ್ ಮಾಡಿಟ್ಟಿರೋದು, ಅದ್ರಲ್ಲಿ ಗಟ್ಟಿಯಾದ ಪುಟ ಅಂತ ಇಲ್ಲ, ಅಕ್ಷರದ ಸೈಜು, ಮಾರ್ಜಿನ್ ಎಲ್ಲ ಓದೋರ ಕೈಲಿ, ಕಣ್ಣು ಮಂಜಾದ ಹಿರಿಯರು ಅಕ್ಷರ ದೊಡ್ಡದು ಮಾಡ್ಕೊಂಡು ಓದೋಕಾಗೋದೇ ಅದ್ರಿಂದ, ಹಾಗಾಗಿ ಎಲ್ಲಾ ಕಡೆ ಒಂದೇ ಥರ ಕಾಣ್ಲಿ ಅನ್ನೋ ಹಠ ಬಿಡಿ. ಸ್ಪೇಸು, ಟ್ಯಾಬು ಹೊಡೆದು ಹಾಡು ಜೋಡಿಸಬೇಡಿ. ಪ್ರತಿ ಸಾಲನ್ನೂ ಬೇರೆ ಪ್ಯಾರಾ ಮಾಡಿ ಹ್ಯಾಂಗಿಂಗ್ ಇಂಡೆಂಟ್ ಕೊಡಿ, ಆಗ ಉದ್ದದ ಸಾಲು ಮಡಚಿದ್ರೂ ಮಿಕ್ಕಿದ್ದು ಒಳಗೆ ಸರಿದು ಕೂರುತ್ತೆ, ದುಡಿ (ಪುಟ್ಟ ಡೋಲು) ಹಿಡಿದು ಹಾಡೋರಿಗೆ ಹೊಸ ಸಾಲು ಎಲ್ಲಿ ಶುರು ಅಂತ ಗೊತ್ತಾಗುತ್ತೆ. ಲೈನ್ ಸ್ಪೇಸಿಂಗ್ ಪಿಕ್ಸೆಲಲ್ಲಿ ಬೇಡ, 1.5ರ ಹತ್ರ ಇಡಿ, ಇಲ್ಲಾಂದ್ರೆ ಕೆಳಗಿನ ಒತ್ತು ಮುಂದಿನ ಸಾಲಿಗೆ ತಗಲುತ್ತೆ.

ಮಳೆ ಟೇಬಲಲ್ಲಿ 12 ತಿಂಗಳನ್ನ ಅಡ್ಡಕ್ಕೆ ಹಾಕಿದ್ರೆ ಫೋನಲ್ಲಿ ಹಿಡಿಯಲ್ಲ. ವರ್ಷಕ್ಕೊಂದು ಟೇಬಲ್, ಎರಡೇ ಕಾಲಮ್ಮು: ತಿಂಗಳು, ಇಂಚು-ಸೆಂಟು (ಸೆಂಟು ಅಂದ್ರೆ ಇಂಚಿನ ನೂರನೇ ಒಂದು ಭಾಗ). ಅಜ್ಜನ ಕೈಬರಹದ ಫೋಟೊನೂ ಖಂಡಿತ ಹಾಕಿ, ಆದ್ರೆ ಟೇಬಲ್ ಬದಲಿಗೆ ಅಲ್ಲ, ಫೋಟೊದಲ್ಲಿರೋ ಅಂಕಿ ಸರ್ಚ್‌ಗೆ ಸಿಗಲ್ಲ.

ಇದನ್ನೆಲ್ಲ ಇಪಬ್ ತಿದ್ದೋ ಸಾಫ್ಟ್‌ವೇರ್ ಸಿಜಿಲ್‌ನಲ್ಲಿ ಮಾಡ್ಬಹುದು, ಫ್ರೀ. ಇಪಬ್‌ಚೆಕ್ ಅನ್ನೋ ತಪ್ಪು ಹುಡುಕೋ ಟೂಲ್ ಓಡಿಸಿ ತಪ್ಪು ತೆಗೀರಿ, ಕಿಂಡಲಲ್ಲಿ ಹೇಗೆ ಕಾಣುತ್ತೆ ಅಂತ ಕಂಪ್ಯೂಟರಲ್ಲೇ ತೋರಿಸೋ ಕಿಂಡಲ್ ಪ್ರಿವ್ಯೂವರಲ್ಲೂ ನೋಡಿ, ಆದ್ರೂ ಕೊನೆಗೆ ತಂಗಿ ಫೋನು, ಮಾವನ ಕಿಂಡಲ್ ಎರಡರಲ್ಲೂ ತೆರೆದು ನೋಡ್ಲೇಬೇಕು.

ಪ್ರಶ್ನೆ: ಪಿಡಿಎಫ್ ಕೊಟ್ಟರೆ ಸಾಲದಾ?
– ಓದುಗರು, ಸೋಮವಾರಪೇಟೆ

ಉತ್ತರ: ಪ್ರಿಂಟಿಗೆ ಸಾಕು. ಫೋನಲ್ಲಿ ಪ್ರತಿ ಸಾಲಿಗೂ ಝೂಮ್ ಮಾಡಿ ಅತ್ತಿತ್ತ ಎಳೀಬೇಕು, ಎರಡನ್ನೂ ಕೊಡಿ.