ಡ್ರೈವಿಂಗ್ ಕ್ಲಾಸಿಗೆ ಹೋಗುವ ಮುಂಚೆ

ಪ್ರಶ್ನೆ: ಮುಂದಿನ ತಿಂಗಳು ತುಮಕೂರಿನಲ್ಲಿ ಕಾರು ಕಲಿಯಲು ಸೇರುತ್ತಿದ್ದೇನೆ. ಸ್ಕೂಟರ್ ಕೂಡ ಓಡಿಸಿದವಳಲ್ಲ. ಅಷ್ಟರೊಳಗೆ ಮನೆಯಲ್ಲೇ ಏನು ತಯಾರಿ ಮಾಡಿಕೊಳ್ಳಲಿ?
– ಓದುಗರು, ಗುಬ್ಬಿ

ಉತ್ತರ: ಮೊದಲು ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್ ಮಾಡಿಸಿ. ಅದಿಲ್ಲದೆ ರಸ್ತೆಯಲ್ಲಿ ಸ್ಟೇರಿಂಗ್ ಹಿಡಿಯುವಂತಿಲ್ಲ. ಸರ್ಕಾರದ ಲೈಸೆನ್ಸ್ ವೆಬ್‌ಸೈಟ್ ಆದ ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಎಲ್‌ಎಲ್ 6 ತಿಂಗಳು ನಡೆಯುತ್ತದೆ; ಡಿಎಲ್ (ಪೂರ್ಣ ಲೈಸೆನ್ಸ್) ಟೆಸ್ಟ್‌ಗೆ ಎಲ್‌ಎಲ್ ಸಿಕ್ಕಿ 30 ದಿನ ಕಳೆದಿರಬೇಕು. ಎಲ್‌ಎಲ್ ಪರೀಕ್ಷೆಗೆ ರಸ್ತೆ ಚಿಹ್ನೆಗಳನ್ನು ಜೋಡಿ ಜೋಡಿಯಾಗಿ ಓದಿ. ನೀಲಿ ವೃತ್ತದ ಮೇಲೆ ಒಂದೇ ಕೆಂಪು ಗೆರೆಯಿದ್ದರೆ ಪಾರ್ಕಿಂಗ್ ಇಲ್ಲ, ಎರಡು ಗೆರೆ ಕತ್ತರಿ ಹಾಕಿದ್ದರೆ ಅರೆಕ್ಷಣವೂ ನಿಲ್ಲಿಸುವಂತಿಲ್ಲ. ಇಂಥವನ್ನು ಬಿಡಿಬಿಡಿಯಾಗಿ ಓದಿದರೆ ಅದಲುಬದಲಾಗುತ್ತವೆ.

ಇನ್ನು ಕಾಲಿನ ಅಭ್ಯಾಸ. ನಿಜವಾದ ತಯಾರಿ ಇದೇ. ಮನೆಯವರದೋ ನೆಂಟರದೋ ಕಾರು ಅಂಗಳದಲ್ಲಿ ನಿಂತಿದ್ದರೆ, ಎಂಜಿನ್ ಆಫ್ ಇರುವಾಗಲೇ ಕುಳಿತುಕೊಳ್ಳಿ. ಹ್ಯಾಂಡ್‌ಬ್ರೇಕ್ ಎಳೆದಿರಲಿ, ನೆಲ ಸಮತಟ್ಟಾಗಿರಲಿ. ಕ್ಲಚ್ (ಎಡತುದಿಯ ಪೆಡಲ್) ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರುವಷ್ಟಕ್ಕೆ ಸೀಟು ಸರಿಸಿಕೊಳ್ಳಿ. ಎಡಗಾಲು ಕ್ಲಚ್ಚಿಗೆ ಮಾತ್ರ. ಬ್ರೇಕು, ಆಕ್ಸಿಲರೇಟರ್ ಎರಡೂ ಬಲಗಾಲಿನ ಕೆಲಸ. ಹಿಮ್ಮಡಿ ಬ್ರೇಕಿನ ನೇರಕ್ಕೆ ಊರಿ, ಪಾದ ಮಾತ್ರ ಹೊರಳಿಸಿ. ಸಡಿಲ ಚಪ್ಪಲಿ ಬೇಡ, ಪೆಡಲ್ ಅಡಿಗೆ ಸಿಕ್ಕಿಕೊಳ್ಳುತ್ತದೆ.

ಕ್ಲಚ್ ಒತ್ತಿ, ಗೇರ್ ಲಿವರ್ ನೋಡದೆ ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹಾಕಿ ನೋಡಿ. ಗೇರ್ ಬೀಳದಿದ್ದರೆ ದಬ್ಬಬೇಡಿ. ನ್ಯೂಟ್ರಲ್‌ಗೆ (ಯಾವ ಗೇರೂ ಬೀಳದ ಸ್ಥಿತಿಗೆ) ತಂದು ಕ್ಲಚ್ ಬಿಟ್ಟು ಮತ್ತೆ ಒತ್ತಿ. ನಾಲ್ಕೈದು ಸಲ ಒತ್ತಿದ ಮೇಲೆ ಬ್ರೇಕ್ ಪೆಡಲ್ ಕಲ್ಲಿನಂತಾದರೆ ಹೆದರಬೇಡಿ. ಎಂಜಿನ್ ಓಡದಿರುವುದರಿಂದ ಬ್ರೇಕ್ ಒತ್ತಲು ನೆರವಾಗುವ ಬೂಸ್ಟರ್‌ನ ವ್ಯಾಕ್ಯೂಮ್ (ನಿರ್ವಾತ) ಖಾಲಿಯಾಗಿರುತ್ತದೆ, ಅಷ್ಟೇ. ಅಭ್ಯಾಸ ಮುಗಿಸಿ ಇಳಿಯುವಾಗ ಗೇರ್ ನ್ಯೂಟ್ರಲ್‌ನಲ್ಲಿರಲಿ. ಇಲ್ಲವಾದರೆ ಮುಂದೆ ಯಾರಾದರೂ ನೋಡದೆ ಕೀ ತಿರುಗಿಸಿದಾಗ ಗಾಡಿ ಜಿಗಿಯುತ್ತದೆ.

ಕ್ಲಚ್ಚನ್ನು ನಿಧಾನ ಬಿಡುವುದನ್ನೂ ರೂಢಿಸಿಕೊಳ್ಳಿ. ಮೊದಮೊದಲು ಎಲ್ಲರ ಗಾಡಿಯೂ ಆಫ್ ಆಗುವುದು ಇಲ್ಲೇ. ಕ್ಲಚ್ ಹಿಡಿಯುವ, ಅಂದರೆ ಎಂಜಿನ್ ಬಲ ಚಕ್ರಕ್ಕೆ ತಲುಪತೊಡಗುವ ಜಾಗದಲ್ಲಿ ಗಾಡಿ ಸಣ್ಣಗೆ ನಡುಗುತ್ತದೆ, ಎಂಜಿನ್ ಸದ್ದು ತುಸು ಇಳಿಯುತ್ತದೆ. ಅಲ್ಲಿ ಕಾಲು ತಡೆದು ನಿಲ್ಲಿಸಬೇಕು. ಆ ಜಾಗ ಯಾವುದೆಂದು ಎಂಜಿನ್ ಆನ್ ಆದಾಗಲೇ ತಿಳಿಯುವುದು, ಅದನ್ನು ಕಲಿಸುವವರ ಪಕ್ಕದಲ್ಲೇ ಕಲಿಯಿರಿ. ಅಲ್ಲಿ ತಡೆದು ನಿಲ್ಲುವ ಹಿಡಿತವನ್ನು ಮಾತ್ರ ಕಾಲಿಗೆ ಈಗಲೇ ಕೊಡಬಹುದು.

ಹೆದ್ದಾರಿಗೆ ಆತುರ ಬೇಡ. ತುಮಕೂರಿನ ಪಕ್ಕದ ಕ್ಯಾತಸಂದ್ರದ ಕಡೆ ಹೆದ್ದಾರಿಯಲ್ಲಿ ಹೋಗುವಾಗ ಪಕ್ಕದ ಸೀಟಿನಲ್ಲಿ ಕುಳಿತು ಲಾರಿ, ಬಸ್ಸುಗಳು ಹೇಗೆ ಲೇನ್ ಬದಲಿಸುತ್ತವೆ ನೋಡುತ್ತಾ ಹೋಗಿ.

ಪ್ರಶ್ನೆ: ನನಗೆ 46 ವರ್ಷ, ಕನ್ನಡಕ ಇದೆ. ಕಾರು ಕಲಿಯಲು ಅಡ್ಡಿ ಉಂಟೇ?
– ಓದುಗರು, ಚಿಂತಾಮಣಿ

ಉತ್ತರ: ಇಲ್ಲ. 40 ದಾಟಿದವರು ವೈದ್ಯರಿಂದ ಫಾರಂ 1ಎ (ವೈದ್ಯಕೀಯ ಪ್ರಮಾಣಪತ್ರ) ಬರೆಸಿಕೊಡಬೇಕು. ಅದಕ್ಕೆ ಮೊದಲು ಕನ್ನಡಕ ಹಾಕಿಕೊಂಡು, ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಓದಲು ಬರುತ್ತದೆಯೇ, ಒಂದೊಂದೇ ಕಣ್ಣು ಮುಚ್ಚಿ ನೋಡಿ. ತಡವರಿಸಿದರೆ ಅರ್ಜಿಗಿಂತ ಮೊದಲು ಕಣ್ಣಿನ ಡಾಕ್ಟರರಲ್ಲಿ ಕನ್ನಡಕದ ನಂಬರ್ ಪರೀಕ್ಷೆ ಮಾಡಿಸಿಕೊಳ್ಳಿ.